ಬಾತುಕೋಳಿಗಳ ಬಳಿ ನಿಂತುಹೋದ ಲೇಖನ

ಪ್ರಿಯರೇ,

‘ಖಳನೇ, ನೀನೇ ನನ್ನ ನಾಯಕ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಎರಡು ಸಾಲಿನ ವಿಷಾದ ಬರೆದು ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ಐದನೆಯ ಪುಟದಲ್ಲಿರುವ ಒಂದೇ ಒಂದು ವಾಕ್ಯ. ಅದರ ಮಾತು ಆಮೇಲೆ.

ಮೊದಲು ಬೈಯುವುದನ್ನು ಮುಗಿಸಿಬಿಡುತ್ತೇನೆ. ‘ಪ್ರತಿಯೊಬ್ಬರೊಳಗೂ ಒಬ್ಬ ರಾಮ, ಒಬ್ಬ ರಾವಣ ಇರುತ್ತಾರೆ’ ಎಂದು ಆರಂಭಿಸಿದ್ದೀರಿ. ಈ ವಾಕ್ಯದಿಂದ ಶುರುವಾಗುವ ಲೇಖನಗಳನ್ನೆಲ್ಲ ಹರಡಿದರೆ ನನ್ನ ಮೇಜು ಕಾಣಿಸುವುದಿಲ್ಲ. ಏಳು ಪುಟಗಳಲ್ಲಿ ನಾಲ್ಕು ಪುಟ ‘ದಿ ಸೊಪ್ರಾನೋಸ್’ ಎಂಬ ಅಮೆರಿಕದ ಟಿವಿ ಸರಣಿಯ ಕಥೆಯ ಸಾರಾಂಶ. 1999ರ ಜನವರಿಯಿಂದ 2007ರ ಜೂನ್‌ವರೆಗೆ ಎಚ್‌ಬಿಒ ವಾಹಿನಿಯಲ್ಲಿ ಬಂದ 86 ಕಂತುಗಳನ್ನು ಹಾಗೆ ಹಿಂಡಿದರೆ ಉಳಿಯುವುದು ಯಾರನ್ನು ಯಾರು ಕೊಂದರು ಎಂಬ ಪಟ್ಟಿ ಮಾತ್ರ. ಮುಖ್ಯ ಪಾತ್ರ ಟೋನಿಯಾಗಿ ಕಾಣಿಸಿಕೊಂಡ ಜೇಮ್ಸ್ ಗ್ಯಾಂಡೊಲ್ಫಿನಿಯ ನಟನೆಗೆ ‘ಅಮೋಘ’ ಎಂಬ ಪದವನ್ನು ಒಂಬತ್ತು ಕಡೆ ಬಳಸಿದ್ದೀರಿ; ಎಣಿಸಿದೆ. ಆತ ಮೂಗಿನಿಂದ ಉಸಿರು ಎಳೆದುಕೊಳ್ಳುವ ಸದ್ದಿನ ಬಗ್ಗೆ ಒಂದು ಸಾಲೂ ಇಲ್ಲ. ಆ ಸದ್ದು ಕೇಳಿದರೆ ಸಾಕು, ಕೋಣೆಯಲ್ಲಿರುವ ಮಿಕ್ಕವರು ಮಾತು ನಿಲ್ಲಿಸುತ್ತಾರೆ ಎಂಬುದನ್ನು ನೀವು ಗಮನಿಸಿರಲೇಬೇಕು. ಕೊನೆಗೆ ‘ನಾನು ಅಪರಾಧವನ್ನು ಸಮರ್ಥಿಸುತ್ತಿಲ್ಲ, ಆದರೂ...’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದೀರಿ. ಆ ಪುಟ ಪೂರ್ತಿ ಹೋಗಲಿ.

ಇನ್ನು ಮುಖ್ಯ ವಿಷಯ. ನಿಮ್ಮ ವಾದವೆಲ್ಲ ಬಾತುಕೋಳಿಗಳ ಮೇಲೆ ನಿಂತಿದೆ. ಮೊದಲ ಕಂತಿನಲ್ಲಿ ನ್ಯೂಜೆರ್ಸಿಯ ಮಾಫಿಯಾ ಮುಖಂಡ ಟೋನಿ ಸೊಪ್ರಾನೋನ ಮನೆಯ ಈಜುಕೊಳಕ್ಕೆ ಬಾತುಕೋಳಿಗಳ ಸಂಸಾರವೊಂದು ಬಂದು ಸೇರುತ್ತದೆ. ಅವು ಹಾರಿಹೋದಾಗ ಅವನು ಪ್ರಜ್ಞೆ ತಪ್ಪಿ ಬೀಳುತ್ತಾನೆ, ಆಮೇಲೆ ಮನೋವೈದ್ಯೆ ಡಾ. ಮೆಲ್ಫಿಯ ಮುಂದೆ ಕೂತು ಅವುಗಳಿಗಾಗಿ ಅಳುತ್ತಾನೆ. ‘ಇಂಥ ಮೃದು ಮನಸ್ಸಿನವನು ನಿಜಕ್ಕೂ ಕೆಟ್ಟವನೇ?’ ಎಂದು ನೀವು ಕೇಳುತ್ತೀರಿ. ಹೌದು, ಕೆಟ್ಟವನೇ. ಈ ಉತ್ತರ ನನ್ನದಲ್ಲ, ಸರಣಿಯದೇ. ಕೊನೆಯದಕ್ಕಿಂತ ಒಂದು ಹಿಂದಿನ ಕಂತಿನಲ್ಲಿ ಮೆಲ್ಫಿ ಅಪರಾಧಿಗಳ ಮನಸ್ಸಿನ ಕುರಿತ ಅಧ್ಯಯನವೊಂದನ್ನು ಓದುತ್ತಾಳೆ. ಇಂಥವರ ಭಾವುಕತೆ ಹಸುಗೂಸುಗಳ ಮೇಲೆ, ಸಾಕುಪ್ರಾಣಿಗಳ ಮೇಲೆ ಹರಿಯುತ್ತದೆ ಎಂದು ಅದರಲ್ಲಿದೆ. ಮಾತಿನ ಚಿಕಿತ್ಸೆ ಇವರನ್ನು ತಿದ್ದುವ ಬದಲು ಇನ್ನಷ್ಟು ಪಳಗಿಸುತ್ತದೆ ಎಂದೂ ಇದೆ. ವರ್ಷಗಟ್ಟಲೆ ಅವನ ಮಾತು ಕೇಳಿದವಳು ಅದಾದ ಮೇಲೆ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಾಳೆ.

ನಡುವೆ ಇನ್ನೊಂದು ಪ್ರಾಣಿ ಬರುತ್ತದೆ, ಅದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಮೂರನೆಯ ಸೀಸನ್‌ನಲ್ಲಿ ಟೋನಿಯ ತಂಡದ ರಾಲ್ಫ್ ಎಂಬವನು ಗರ್ಭಿಣಿಯಾಗಿದ್ದ ಹುಡುಗಿ ಟ್ರೇಸಿಯನ್ನು ಹೊಡೆದು ಕೊಲ್ಲುತ್ತಾನೆ. ಟೋನಿ ಅವನಿಗೆ ಒಂದಿಷ್ಟು ಏಟು ಹಾಕುತ್ತಾನೆ. ಕೆಲವೇ ಕಂತುಗಳ ನಂತರ ಅದೇ ಕೈಯಿಂದ ಬಡ್ತಿಯನ್ನೂ ಕೊಡುತ್ತಾನೆ. ನಾಲ್ಕನೆಯ ಸೀಸನ್‌ನಲ್ಲಿ ಟೋನಿಯ ಮುದ್ದಿನ ರೇಸ್ ಕುದುರೆ ಬೆಂಕಿಯಲ್ಲಿ ಬೇಯುತ್ತದೆ. ಬೆಂಕಿ ಇಟ್ಟವನು ರಾಲ್ಫ್ ಎಂದು ಅವನಿಗೆ ಅನುಮಾನ. ಅನುಮಾನವಷ್ಟೇ. ಅಷ್ಟಕ್ಕೇ ಬರಿಗೈಯಲ್ಲಿ ಅವನ ಪ್ರಾಣ ತೆಗೆಯುತ್ತಾನೆ. ಹುಡುಗಿಗೆ ಏಟು, ಕುದುರೆಗೆ ಪ್ರಾಣ. ನೀವು ಬಾತುಕೋಳಿಗಳ ಬಳಿಯೇ ನಿಂತುಬಿಟ್ಟಿರಿ. ಕುದುರೆಯ ಲಾಯದವರೆಗೆ ನಡೆದಿದ್ದರೆ ಬೇರೆಯೇ ಲೇಖನ ಸಿಗುತ್ತಿತ್ತು.

‘ಅವನನ್ನು ನಾನು ಏಕೆ ಮೆಚ್ಚಿದೆ?’ ಎಂಬ ಪ್ರಶ್ನೆಗೆ ನೀವು ಸಮಾಜ, ವ್ಯವಸ್ಥೆ, ಭ್ರಷ್ಟಾಚಾರ ಎಂದೆಲ್ಲ ಉತ್ತರ ಹುಡುಕಿದ್ದೀರಿ. ಅಷ್ಟು ದೂರ ಹೋಗಬೇಕಿರಲಿಲ್ಲ. ಅದೇ ಮೊದಲ ಕಂತಿನಲ್ಲಿ, ಸಾಲಗಾರನೊಬ್ಬನ ಜೊತೆ ಏನಾಯಿತು ಎಂದು ವೈದ್ಯೆ ಕೇಳಿದಾಗ ‘ಏನಿಲ್ಲ, ಕಾಫಿ ಕುಡಿದೆವು’ ಎನ್ನುತ್ತಾನೆ ಟೋನಿ. ಪರದೆಯ ಮೇಲೆ ಅವನು ಆ ಮನುಷ್ಯನನ್ನು ಕಾರಿನಲ್ಲಿ ಅಟ್ಟಿಸಿಕೊಂಡು ಹೋಗಿ ಗುದ್ದಿ, ಇಳಿದು ಬಡಿಯುತ್ತಿದ್ದಾನೆ. ಮಾತು ಏರಿಗೆ, ಚಿತ್ರ ನೀರಿಗೆ. ನಾವು ನಗುತ್ತೇವೆ. ನಕ್ಕ ಕ್ಷಣದಲ್ಲೇ ವೈದ್ಯೆಗೆ ತಿಳಿಯದ ಗುಟ್ಟೊಂದು ನಮಗೂ ಅವನಿಗೂ ನಡುವೆ ಹುಟ್ಟಿಬಿಡುತ್ತದೆ. ಸಿನಿಮಾ ಚಿಂತಕ ಮರ್ರೆ ಸ್ಮಿತ್ 1995ರಲ್ಲಿಯೇ ಒಂದು ಭೇದ ತೋರಿಸಿದ್ದರು: ಪಾತ್ರದ ಜೊತೆಯಲ್ಲಿ ಇರುವುದು ಬೇರೆ, ಪಾತ್ರದ ಪಕ್ಷ ವಹಿಸುವುದು ಬೇರೆ. ಕಥೆ ನಮ್ಮನ್ನು ಒಬ್ಬನ ಬೆನ್ನ ಹಿಂದೆ ನಡೆಸಬಹುದು. ಅವನು ಗೆಲ್ಲಲಿ ಎಂದು ಹಾರೈಸುವುದು ನಮ್ಮ ಕೆಲಸ. ನೀವು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿದ್ದು ಯಾವ ದೃಶ್ಯದಲ್ಲಿ? ಓದುಗರಿಗೆ ಬೇಕಿರುವುದು ಅದು.

ಜಾರುವುದು ಸುಲಭವೇನಲ್ಲ ಎಂದು ವಾಹಿನಿಯವರೇ ನಂಬಿದ್ದರು. ಐದನೆಯ ಕಂತಿನಲ್ಲಿ ಮಗಳಿಗೆ ಕಾಲೇಜು ತೋರಿಸಲು ಮೇನ್ ರಾಜ್ಯಕ್ಕೆ ಹೋದ ಟೋನಿ, ಅಲ್ಲಿ ತಲೆಮರೆಸಿಕೊಂಡಿದ್ದ ಹಳೆಯ ಪೊಲೀಸ್ ಮಾಹಿತಿದಾರನನ್ನು ಕತ್ತು ಬಿಗಿದು ಕೊಲ್ಲುತ್ತಾನೆ. ಇದನ್ನು ನೋಡಿದರೆ ಜನ ಅವನನ್ನು ಕೈಬಿಡುತ್ತಾರೆಂದು ವಾಹಿನಿಯ ಮುಖ್ಯಸ್ಥರಿಗೆ ಭಯ. ಕೊಲ್ಲದೆ ಬಿಟ್ಟರೇ ಜನ ಕೈಬಿಡುತ್ತಾರೆ ಎಂಬುದು ಸರಣಿಯ ಸೃಷ್ಟಿಕರ್ತ ಡೇವಿಡ್ ಚೇಸ್ ಅವರ ವಾದ. ಚೇಸ್ ಗೆದ್ದರು. ಇದನ್ನು ಬರೆಯುವಾಗಲೂ ನನಗೆ ಒಂದಿಷ್ಟು ನಾಚಿಕೆಯಾಗುತ್ತದೆ, ಏಕೆಂದರೆ ಆ ಕಂತು ಮುಗಿದಾಗ ನನ್ನ ಚಿಂತೆಯೆಲ್ಲ ಮಗಳಿಗೆ ಗೊತ್ತಾಗದಿರಲಿ ಎಂಬುದೇ ಆಗಿತ್ತು. ಸತ್ತವನಿಗೂ ಒಬ್ಬ ಮಗಳಿದ್ದಳು. ಅದು ನೆನಪಾದದ್ದು ಎರಡನೆಯ ಸಲ ನೋಡಿದಾಗ.

ಟೋನಿಯ ಹೆಂಡತಿ ಕಾರ್ಮೆಲಾಳನ್ನು ‘ಬೂಟಾಟಿಕೆಯ ಹೆಣ್ಣು’ ಎಂದು ಎರಡು ಸಲ ಜರೆದಿದ್ದೀರಿ. ಕೊಂದವನಿಗೆ ಕ್ಷಮೆ, ಅವನ ಹಣದಲ್ಲಿ ಬದುಕಿದವಳಿಗೆ ಬೈಗುಳ. ಈ ರೋಗ ನಿಮ್ಮೊಬ್ಬರದಲ್ಲ: ‘ಬ್ರೇಕಿಂಗ್ ಬ್ಯಾಡ್’ ಎಂಬ ಇನ್ನೊಂದು ಸರಣಿಯಲ್ಲಿ ಮಾದಕ ವಸ್ತು ತಯಾರಿಸುವವನ ಹೆಂಡತಿ ಸ್ಕೈಲರ್ ಪಾತ್ರ ಮಾಡಿದ ಆನಾ ಗನ್, ಜನ ಆ ಪಾತ್ರದ ಮೇಲೆ ಮತ್ತು ತನ್ನ ಮೇಲೆ ಕಾರಿದ ದ್ವೇಷದ ಬಗ್ಗೆ 2013ರಲ್ಲಿ ಪತ್ರಿಕೆಯಲ್ಲಿ ಲೇಖನವನ್ನೇ ಬರೆಯಬೇಕಾಯಿತು. ಕಾರ್ಮೆಲಾಳ ಮಾತಿಗೆ ಬಂದರೆ, ಮೂರನೆಯ ಸೀಸನ್‌ನಲ್ಲಿ ಅವಳು ಡಾ. ಕ್ರಾಕೋವರ್ ಎಂಬ ವೃದ್ಧ ವೈದ್ಯರನ್ನು ಕಾಣುವ ದೃಶ್ಯವನ್ನು ಮತ್ತೆ ನೋಡಿ. ಮಕ್ಕಳನ್ನು ಕರೆದುಕೊಂಡು ಹೊರಟುಬಿಡು ಎನ್ನುತ್ತಾರೆ ಅವರು. ರಕ್ತದ ದುಡ್ಡು ಬೇಡವೆಂದು ಶುಲ್ಕ ನಿರಾಕರಿಸುತ್ತಾರೆ. ತನಗೆ ಯಾರೂ ಹೇಳಲಿಲ್ಲ ಎಂದು ಮಾತ್ರ ಇನ್ನು ಮುಂದೆ ಹೇಳುವಂತಿಲ್ಲ ಎಂದೂ ತಿಳಿಸುತ್ತಾರೆ. ಅಷ್ಟು ನಿಚ್ಚಳವಾಗಿ ಮಾತನಾಡಿದ ಆ ಮುದುಕರು ಟೋನಿಯನ್ನು ಒಮ್ಮೆಯೂ ಭೇಟಿಯಾದವರಲ್ಲ! ಅವನ ಮುಖವನ್ನೇ ನೋಡದವರು ಅವನಿಗೆ ಮಣೆ ಹಾಕುವ ಪ್ರಸಂಗವೇ ಬರಲಿಲ್ಲ. ನೀವು, ನಾನು, ಮೆಲ್ಫಿ ಎಲ್ಲರೂ ಅವನ ಎದುರು ಕುರ್ಚಿ ಎಳೆದುಕೊಂಡು ಕೂತವರು.

ಟೋನಿ ರನ್ನನ ದುರ್ಯೋಧನನಂತೆ ಎಂಬ ಹೋಲಿಕೆಯನ್ನು ತೆಗೆದುಹಾಕಿ. ರನ್ನನ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ, ಶತ್ರುವಿನ ಮಗನಾದ ಅಭಿಮನ್ಯುವಿನ ಎದುರು ನಿಂತು ಅಂಥ ಸಾವು ತನಗೂ ಬರಲಿ ಎನ್ನಬಲ್ಲ. ಟೋನಿ, ತಾನೇ ಮಗನಂತೆ ಮುಂದೆ ತಂದ ಕ್ರಿಸ್ಟೋಫರ್ ಅಪಘಾತದಲ್ಲಿ ಗಾಯಗೊಂಡಾಗ ಮೂಗು ಒತ್ತಿಹಿಡಿದು ಸಾಯಿಸುತ್ತಾನೆ. ಆಮೇಲೆ ಉಳಿದವರು ಯಾಕಿಷ್ಟು ಅಳುತ್ತಿದ್ದಾರೆ ಎಂದು ಸಿಡುಕುತ್ತಾನೆ. ಇಬ್ಬರಿಗೂ ಛಲವಿದೆ ಎಂಬ ಒಂದೇ ಕಾರಣಕ್ಕೆ ಅವರನ್ನು ಒಂದೇ ಸಾಲಿನಲ್ಲಿ ಕೂರಿಸಲಾಗದು.

ಈಗ ಐದನೆಯ ಪುಟದ ಆ ವಾಕ್ಯ. ‘ವೈದ್ಯೆ ಇಲ್ಲ ಎಂದಾಗ ನನಗೆ ಮೋಸಹೋದಂತೆ ಅನ್ನಿಸಿತು.’ 2001ರಲ್ಲಿ ಬಂದ ಕಂತು ಅದು. ಮೆಲ್ಫಿಯ ಮೇಲೆ ಅತ್ಯಾಚಾರವಾಗುತ್ತದೆ, ತಾಂತ್ರಿಕ ಲೋಪದಿಂದ ಅಪರಾಧಿ ಬಿಡುಗಡೆಯಾಗುತ್ತಾನೆ. ಅವಳ ಎದುರಿಗೆ ಟೋನಿ ಕೂತಿದ್ದಾನೆ. ಒಂದು ಮಾತು ಹೇಳಿದರೆ ಸಾಕು, ಆ ಮನುಷ್ಯ ನಾಳೆ ಇರುವುದಿಲ್ಲ. ಏನಾದರೂ ಹೇಳಬೇಕೇ ಎಂದು ಟೋನಿ ಕೇಳುತ್ತಾನೆ. ಇಲ್ಲ ಎನ್ನುತ್ತಾಳೆ. ಕಂತು ಅಲ್ಲಿಗೆ ಮುಗಿಯುತ್ತದೆ.

ನಿಮಗೆ ಮೋಸಹೋದಂತೆ ಅನ್ನಿಸಿತು. ನನಗೂ ಅನ್ನಿಸಿತ್ತು. ನಾವು ಅಲ್ಲಿ ಬಯಸಿದ್ದು ನ್ಯಾಯವನ್ನಲ್ಲ, ನಮ್ಮ ಪರವಾಗಿ ಬಡಿಯುವ ಒಬ್ಬ ಗೂಂಡಾನನ್ನು. ಅವಳು ಬೇಡವೆಂದದ್ದನ್ನು ನಾವು ಬೇಕೆಂದೆವು. ಆ ಹೊತ್ತು ನಿಮ್ಮೊಳಗೆ ಏನು ನಡೆಯಿತು? ಸಿಟ್ಟು ಯಾರ ಮೇಲೆ ಬಂತು, ಅತ್ಯಾಚಾರಿಯ ಮೇಲೋ ಅವಳ ಮೇಲೋ? ಎಷ್ಟು ಹೊತ್ತು ಉಳಿಯಿತು? ಇದನ್ನೆಲ್ಲ ಬಿಟ್ಟು ಮುಂದಿನ ವಾಕ್ಯದಲ್ಲೇ ‘ಅಮೋಘ ನಿರ್ದೇಶನ’ ಎಂದು ಓಡಿಹೋಗಿದ್ದೀರಿ.

ಆ ವಾಕ್ಯವೇ ಮೊದಲ ಸಾಲಾಗಲಿ. ರಾಮ, ರಾವಣ, ಸಾರಾಂಶ, ಕ್ಷಮಾಪಣೆ ಎಲ್ಲವೂ ಹೋಗಲಿ. ಸಾವಿರದ ಐನೂರು ಪದ ಸಾಕು. ಶೀರ್ಷಿಕೆ ಬದಲಾಗಬೇಕು; ‘ನಾಯಕ’ ಬೇಡ, ‘ಖಳ’ನೂ ಬೇಡ. ಅವಸರವಿಲ್ಲ, ಒಂದೆರಡು ತಿಂಗಳು ತೆಗೆದುಕೊಳ್ಳಿ.

ಒಂದು ತಿದ್ದುಪಡಿ ಬಾಕಿ ಇದೆ. ಟೋನಿಯ ಫೋನ್ ಕರೆ ನಂಬಿ ಕಾರು ಹತ್ತಿ, ಐದನೆಯ ಸೀಸನ್‌ನಲ್ಲಿ ಕಾಡಿನ ನೆಲದ ಮೇಲೆ ತೆವಳುತ್ತ ಸಾಯುವ ಹುಡುಗಿಗೆ ನೀವು ಒಂದೂವರೆ ಸಾಲು ಕೊಟ್ಟಿದ್ದೀರಿ. ಅವಳ ಹೆಸರು ಏಂಜೆಲಾ ಅಲ್ಲ, ಆಡ್ರಿಯಾನಾ.

ಇಂತು,
ಸಂಪಾದಕ