ಜೀನ್ ಮುಟ್ಟೋ ಮೊದ್ಲು ಪಿಎಚ್ ನೋಡಿ

ಮೇಡಮ್, ನಿಮ್ ಪೋಸ್ಟ್ ಎರಡು ಸಲ ಓದ್ದೆ. ಸಬ್‌ಸ್ಟ್ರೇಟ್ (ಎನ್ಜೈಮ್ ಬದಲಾಯಿಸೋ ವಸ್ತು) 100 ಮಿಲಿಮೋಲಾರ್ ಬೀಟಾ-ಕೀಟೋಎಸ್ಟರ್, ಇ. ಕೋಲಿ ಬ್ಯಾಕ್ಟೀರಿಯಾ ಒಳಗೆ ಅದರ ಕೀಟೋನನ್ನ ಆಲ್ಕೋಹಾಲ್ ಮಾಡೋ ಎನ್ಜೈಮ್ ಕೀಟೋರಿಡಕ್ಟೇಸ್, ಅದರ ಸಹಾಯಕ್ಕೆ ಇನ್ನೊಂದು ಎನ್ಜೈಮ್ ಗ್ಲೂಕೋಸ್ ಡಿಹೈಡ್ರೋಜಿನೇಸ್, 50 ಮಿಲಿಮೋಲಾರ್ ಫಾಸ್ಫೇಟ್ ಬಫರ್, ಪಿಎಚ್ 7. ಮೊದ್ಲು ಜೋರಾಗಿ ಓಡಿ 40% ಹತ್ರ ನಿಂತ್ಬಿಡುತ್ತೆ, ಇಇ (ಪ್ರಾಡಕ್ಟ್‌ನ ಎರಡು ಕನ್ನಡಿ-ಬಿಂಬ ರೂಪಗಳಲ್ಲಿ ಒಂದು ಇನ್ನೊಂದಕ್ಕಿಂತ ಎಷ್ಟು ಶೇಕಡಾ ಹೆಚ್ಚಿದೆ ಅನ್ನೋ ಅಳತೆ) ಕೂಡ 99ರಿಂದ 91ಕ್ಕೆ ಇಳೀತು, ಎನ್ಜೈಮ್‌ನ ಜೀನ್‌ಗೆ ಮ್ಯುಟೇಷನ್ ಮಾಡ್ಲಾ ಅಂತ ಕೇಳಿದೀರ. ಸದ್ಯಕ್ಕೆ ಬೇಡ.

ಲೆಕ್ಕ ಹಾಕಿ ನೋಡಿ. ಒಂದು ಕೀಟೋನ್ ರಿಡ್ಯೂಸ್ ಆಗೋಕೆ ಒಂದು ಎನ್‌ಎಡಿಪಿಎಚ್ (ಹೈಡ್ರೋಜನ್ ಒದಗಿಸೋ ಸಹಾಯಕ ಅಣು) ಬೇಕು, ಅದನ್ನ ಡಿಹೈಡ್ರೋಜಿನೇಸ್ ವಾಪಸ್ ತರೋಕೆ ಒಂದು ಗ್ಲೂಕೋಸ್ ಖರ್ಚು, ಆ ಗ್ಲೂಕೋಸ್ ಕೊನೆಗೆ ಗ್ಲುಕೋನಿಕ್ ಆಸಿಡ್ ಆಗಿ ಕೂತ್ಕೊಳುತ್ತೆ. ಅಂದ್ರೆ 40% ಆಗೋ ಹೊತ್ಗೆ 40 ಮಿಲಿಮೋಲಾರ್ ಆಸಿಡ್. ನಿಮ್ ಬಫರ್‌ನಲ್ಲಿ ಪಿಎಚ್ 7ಕ್ಕೆ ಆಸಿಡ್ ಹಿಡಿಯೋ ಭಾಗ ಇರೋದೇ ಸುಮಾರು 20ರಿಂದ 30 ಮಿಲಿಮೋಲಾರ್, ಇನ್ನೆಲ್ಲಿ ತಡ್ಕೊಳುತ್ತೆ! ನನ್ಗೂ ಹೀಗೇ ಆಗಿತ್ತು, ಎಂಟು ದಿನ ಪ್ರೈಮರ್ ಡಿಸೈನ್ ಮಾಡ್ಕೊಂಡು ಕೂತಿದ್ದೆ, ಒಂದಿನ ಸುಮ್ನೆ ಪಿಎಚ್ ಪೇಪರ್ ಅದ್ದಿದ್ರೆ ಹಸಿರು ಬರೋ ಬದ್ಲು ಕಿತ್ತಳೆ ಬಣ್ಣ ಬಂತು, ತಲೆ ಚಚ್ಕೊಂಡೆ. ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ, ಚೆನ್ನಾಗಿ ಕಲಕ್ತಾ ಹಾಕಿ ಪಿಎಚ್ 7ರಲ್ಲೇ ಹಿಡೀರಿ. ಒಂದೇ ಸಲ ಸುರಿದ್ರೆ ಎಸ್ಟರ್ರೇ ಒಡೆದುಹೋಗುತ್ತೆ ಮತ್ತೆ.

ಇಇ ಕಥೆ ಬೇರೆ. ಖಾಲಿ ಪ್ಲಾಸ್ಮಿಡ್ (ನಿಮ್ ಎನ್ಜೈಮ್‌ಗಳ ಜೀನ್ ಇಲ್ಲದ ಡಿಎನ್‌ಎ ಉಂಗುರ) ಇರೋ ಅದೇ ಸ್ಟ್ರೇನ್, ಅದೇ ಓಡಿ (ಕೋಶಗಳ ದಟ್ಟಣೆ), ಅದೇ ಎಸ್ಟರ್ ಹಾಕಿ ರಾತ್ರಿಯಿಡೀ ಬಿಡಿ. ಕ್ರೊಮ್ಯಾಟೋಗ್ರಾಂನಲ್ಲಿ ಪ್ರಾಡಕ್ಟ್ ಪೀಕ್ ಬಂದ್ರೆ ಅದು ಕೋಶದ ಸ್ವಂತ ರಿಡಕ್ಟೇಸ್‌ಗಳ ಕೈವಾಡ, ಅವು ವಿರುದ್ಧ ರೂಪ ಮಾಡಿ ಇಇ ಇಳಿಸ್ತಿರಬಹುದು. ಅವಕ್ಕೆ ಸಾಮಾನ್ಯವಾಗಿ ಸಬ್‌ಸ್ಟ್ರೇಟ್ ಜಾಸ್ತಿ ಇದ್ದಾಗ್ಲೇ ಹುರುಪು, ನಿಮ್ ಎನ್ಜೈಮ್‌ನ ಕೆಎಂ (ಅರ್ಧ ವೇಗ ಮುಟ್ಟೋಕೆ ಬೇಕಾದ ಸಬ್‌ಸ್ಟ್ರೇಟ್ ಮಟ್ಟ) ಕಡಿಮೆ ಇದ್ರೆ ಅದಕ್ಕೆ ಸ್ವಲ್ಪ ಇದ್ರೂ ಸಾಕು. ಹಾಗಾಗಿ ನೂರೂ ಒಟ್ಟಿಗೆ ಸುರೀಬೇಡಿ, ಸಿರಿಂಜ್ ಪಂಪ್‌ನಲ್ಲಿ ನಿಧಾನಕ್ಕೆ ಬಿಡಿ. ಬೇಕರ್ಸ್ ಯೀಸ್ಟ್‌ನಲ್ಲಿ ಇದೇ ಎಸ್ಟರ್‌ಗಳಿಗೆ ಈ ಉಪಾಯ ಹಳೇದು, ಅಲ್ಲೂ ಒಂದಕ್ಕೊಂದು ವಿರುದ್ಧ ರೂಪ ಕೊಡೋ ರಿಡಕ್ಟೇಸ್‌ಗಳು ಒಟ್ಟಿಗಿರ್ತವೆ. ಜೊತೆಗೆ ಕೋಶಕ್ಕೂ ವಿಷದ ಹೊಡೆತ ಕಮ್ಮಿ.

ಎಕ್ಸ್‌ಪ್ರೆಷನ್ (ಕೋಶದಲ್ಲಿ ಎನ್ಜೈಮ್ ತಯಾರಿ) 37 ಡಿಗ್ರೀಲಿ 1 ಮಿಲಿಮೋಲಾರ್ ಐಪಿಟಿಜಿ (ಜೀನ್ ಆನ್ ಮಾಡೋ ರಾಸಾಯನಿಕ) ಹಾಕಿ ಮಾಡ್ತಿದ್ರೆ 20 ಡಿಗ್ರಿ, 0.1ಕ್ಕೆ ಇಳಿಸಿ ನೋಡಿ, ಜೆಲ್‌ನಲ್ಲಿ ಸೂಪರ್‌ನೇಟಂಟೂ ಪೆಲೆಟ್ಟೂ ಪಕ್ಕಪಕ್ಕ ಓಡ್ಸಿ, ಎನ್ಜೈಮ್ ಕರಗಿ ಮೇಲಿನ ದ್ರವದಲ್ಲಿದೆಯಾ, ಗಂಟುಕಟ್ಟಿ ತಳದಲ್ಲಿ ಕೂತಿದೆಯಾ ಗೊತ್ತಾಗುತ್ತೆ.

ಸಿಟಾಗ್ಲಿಪ್ಟಿನ್‌ಗೆ (ಸಕ್ಕರೆ ಕಾಯಿಲೆ ಔಷಧಿ) ಮರ್ಕ್, ಕೋಡೆಕ್ಸಿಸ್ ಕಂಪನಿ‌ನವರು ಟ್ರಾನ್ಸ್‌ಅಮಿನೇಸ್ ತಿದ್ದಿ 2010ರಲ್ಲಿ ಪ್ರಕಟಿಸಿದ್ರಲ್ಲ, ಅಲ್ಲಿ ಶುರುವಿನ ಎನ್ಜೈಮ್‌ಗೆ ಆ ಕೀಟೋನ್ ಮೇಲೆ ಚಟುವಟಿಕೆನೇ ಇರ್ಲಿಲ್ಲ, ತಿದ್ದದೆ ದಾರಿ ಇರ್ಲಿಲ್ಲ. ನಿಮ್ದು ಶುರುವಲ್ಲೇ 99 ಕೊಡ್ತಿದೆ. ನಾಳೆ ಅರ್ಧರ್ಧ ಗಂಟೆಗೊಂದು ಪಿಎಚ್ ರೀಡಿಂಗ್ ತಗೊಂಡು, ಖಾಲಿ ಪ್ಲಾಸ್ಮಿಡ್‌ನ ಕ್ರೊಮ್ಯಾಟೋಗ್ರಾಂ ಜೊತೆ ಇಲ್ಲೇ ಹಾಕಿ.