2026ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ಅನ್ನು ಓಣಿಯ ಬಯಲಿನಲ್ಲಿ ತೋರಿಸಲು ಪ್ರೊಜೆಕ್ಟರ್ ಒಳ್ಳೆಯದೋ, ಎಲ್‌ಇಡಿ ಪರದೆಯೋ?

ನಾವೂ ಇದೇ ಪ್ರಶ್ನೆಯ ಮೇಲೆ ಎರಡು ವಾರ ವಾದಿಸಿದ್ದೆವು. ಡೀಸೆಲ್ ಬಗ್ಗೆ ಎರಡು ನಿಮಿಷವೂ ಮಾತನಾಡಲಿಲ್ಲ. 2022ರ ಡಿಸೆಂಬರ್ 18ರಂದು, ಬೆಳಗಾವಿಯ ಶಹಾಪುರದಲ್ಲಿ, ನಮ್ಮ ಗಲ್ಲಿಯ ಹಿಂದಿನ ಬಯಲಿನಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ ನಡುವಿನ ಫೈನಲ್ ತೋರಿಸುವ ಹೊಣೆ ನನ್ನದಾಗಿತ್ತು. ಪಟ್ಟಿ ಎತ್ತಿ ಹಣ ಕೂಡಿಸಿದ್ದೆವು. ಬಯಲಿಗೆ ಕರೆಂಟಿನ ಸಂಪರ್ಕವಿಲ್ಲದ್ದರಿಂದ ಜನರೇಟರನ್ನು ಬಾಡಿಗೆಗೆ ತಂದಿದ್ದೆವು. ಅದನ್ನು ನಡೆಸುವ ಹುಡುಗ ಸಂಜೆಯೇ ಬಂದು, “ಹನ್ನೊಂದರೊಳಗ ಮುಗೀತೈತಲ್ರಿ ಅಣ್ಣಾರ?” ಎಂದು ಕೇಳಿದ. “ಹತ್ತೂವರೆಗೇ ಮುಗೀತೈತಿ ತಮ್ಮಾ, ಹನ್ನೊಂದರ ತನಕ ಸಾಕಾಗುವಷ್ಟು ಹಾಕು” ಎಂದು ನಾನು ಹೇಳಿದೆ.

ತಪ್ಪು ಈ ಒಂದು ಮಾತಿನಲ್ಲಿತ್ತು. ಅದನ್ನು ಬಿಡಿಸಿ ಹೇಳುತ್ತೇನೆ. ಪಂದ್ಯ ನಮ್ಮ ಕಾಲಮಾನದಲ್ಲಿ ರಾತ್ರಿ ಎಂಟೂವರೆಗೆ. ನಲವತ್ತೈದು ನಿಮಿಷಗಳ ಎರಡು ಅವಧಿ, ಹದಿನೈದು ನಿಮಿಷಗಳ ವಿರಾಮ, ಮೇಲೊಂದಿಷ್ಟು ಹೆಚ್ಚುವರಿ ನಿಮಿಷಗಳು ಎಂದು ಲೆಕ್ಕ ಹಾಕಿದರೆ ಹತ್ತೂವರೆ ಆಗುತ್ತದೆ. 2018ರಲ್ಲಿ ಮಾಸ್ಕೋದಲ್ಲಿ ಫ್ರಾನ್ಸ್ 4–2ರಿಂದ ಕ್ರೊಯೇಷ್ಯಾವನ್ನು ಸೋಲಿಸಿದ ಫೈನಲ್ ಇದೇ ಅಳತೆಯಲ್ಲಿ ಮುಗಿದಿದ್ದರಿಂದ, ಎಲ್ಲ ಫೈನಲ್‌ಗಳೂ ಹಾಗೆಯೇ ಮುಗಿಯುತ್ತವೆ ಎಂದು ನನ್ನ ತಲೆಯಲ್ಲಿ ಕುಳಿತುಬಿಟ್ಟಿತ್ತು. ಆದರೆ ಫೈನಲ್ ಸಮಬಲದಲ್ಲಿ ಮುಗಿಯುವಂತಿಲ್ಲ. ಮೂವತ್ತು ನಿಮಿಷ ಹೆಚ್ಚು ಆಡಬೇಕು, ಅದರಲ್ಲೂ ತೀರ್ಮಾನವಾಗದಿದ್ದರೆ ಪೆನಾಲ್ಟಿ ಒದೆಯಬೇಕು. 2006ರ ಫೈನಲ್ ಪೆನಾಲ್ಟಿಗೆ ಹೋಗಿತ್ತು, 2010ರಲ್ಲಿ ಇನಿಯೆಸ್ಟಾ ಗೋಲು ಹೊಡೆದದ್ದು 116ನೆಯ ನಿಮಿಷದಲ್ಲಿ, 2014ರಲ್ಲಿ ಗೊಟ್ಸೆ ಹೊಡೆದದ್ದು 113ನೆಯ ನಿಮಿಷದಲ್ಲಿ. ಲೆಲೆ ಮೈದಾನದಲ್ಲಿ ಹತ್ತು ವರ್ಷ ಚೆಂಡು ಒದ್ದ ನನಗೆ ಈ ನಿಯಮ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ, ಡೀಸೆಲ್ ಅಳೆಯುವಾಗ ಹಿಂದಿನ ನಾಲ್ಕು ಫೈನಲ್‌ಗಳಲ್ಲಿ ತೊಂಬತ್ತು ನಿಮಿಷಕ್ಕೆ ಮುಗಿದ ಒಂದೇ ಒಂದನ್ನು ಹಿಡಿದುಕೊಂಡೆ.

ಅರ್ಜೆಂಟೀನಾದ ಮೆಸ್ಸಿ ಮತ್ತು ಡಿ ಮರಿಯಾ ಮೊದಲರ್ಧದಲ್ಲೇ 2–0 ಮಾಡಿದರು. ಹತ್ತು ಗಂಟೆಯ ನಂತರ ಧ್ವನಿವರ್ಧಕ ಹಚ್ಚುವಂತಿಲ್ಲದ ಕಾರಣ ಸದ್ದು ನಿಲ್ಲಿಸಿದೆವು. ನಾನಂತೂ ಹಿಂದಿನ ಸಾಲಿನ ಖುರ್ಚಿಗಳನ್ನು ಎತ್ತಿಸಲು ಶುರುಮಾಡಿದ್ದೆ. ಫ್ರಾನ್ಸಿನ ಎಂಬಾಪೆ 97 ಸೆಕೆಂಡುಗಳ ಅಂತರದಲ್ಲಿ ಹೊಡೆದ ಎರಡು ಗೋಲುಗಳನ್ನು ನಾವು ಮೂಕಚಿತ್ರದಂತೆ ನೋಡಿದೆವು. ಖುರ್ಚಿಗಳು ಮರಳಿ ಬಂದವು. 108ನೆಯ ನಿಮಿಷದಲ್ಲಿ ಅರ್ಜೆಂಟೀನಾದ ಮೂರನೆಯ ಗೋಲನ್ನು ಮೆಸ್ಸಿ ಹೊಡೆದಾಗ ಗಲ್ಲಿಯೇ ಎದ್ದು ನಿಂತಿತು. ಅದಾದ ಸ್ವಲ್ಪ ಹೊತ್ತಿಗೆ ಜನರೇಟರ್ ಎರಡು ಸಲ ಕೆಮ್ಮಿ ನಿಂತಿತು.

ಅರ್ಜೆಂಟೀನಾ ಗೆದ್ದಂತೆಯೇ ಎಂದು ಹುಡುಗರು ಕತ್ತಲಲ್ಲೇ ಪಟಾಕಿ ಹಚ್ಚಿದರು, ಹಿರಿಯರು ಚಳಿಗೆ ಶಾಲು ಹೊದ್ದು ಮನೆಗೆ ನಡೆದರು. ಬೈಕಿನಲ್ಲಿ ಹೋಗಿ ಕ್ಯಾನಿನಲ್ಲಿ ಡೀಸೆಲ್ ತಂದರೂ ಎಂಜಿನ್ ಹತ್ತಲಿಲ್ಲ, ಏಕೆಂದರೆ ಟ್ಯಾಂಕು ಪೂರ್ತಿ ಬರಿದಾದರೆ ಡೀಸೆಲ್ ಎಂಜಿನ್ನಿನ ಪೈಪಿನಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಅದನ್ನು ಹೊರಗೆ ತೆಗೆಯದೆ ಎಷ್ಟು ಸುರಿದರೂ ಉಪಯೋಗವಿಲ್ಲ. ಟಾರ್ಚಿನ ಬೆಳಕಿನಲ್ಲಿ ಹುಡುಗ ನಟ್ಟು ಸಡಿಲಿಸುತ್ತಿದ್ದಾಗ ಎಂಬಾಪೆ 118ನೆಯ ನಿಮಿಷದಲ್ಲಿ 3–3 ಮಾಡಿದ್ದ, ಫ್ರಾನ್ಸಿನ ಕೊಲೊ ಮುವಾನಿಯ ಒದೆತವನ್ನು ಅರ್ಜೆಂಟೀನಾದ ಗೋಲ್‌ಕೀಪರ್ ಮಾರ್ಟಿನೆಜ್ ಕಾಲು ಚಾಚಿ ತಡೆದಿದ್ದ. ನಮ್ಮಲ್ಲಿ ಅದನ್ನು ಯಾರೂ ನೇರವಾಗಿ ನೋಡಲಿಲ್ಲ. ಅರ್ಜೆಂಟೀನಾದ ಮೊಂಟಿಯೆಲ್ ಗೆಲುವಿನ ಕೊನೆಯ ಪೆನಾಲ್ಟಿ ಹೊಡೆದಾಗ ಟಿಳಕವಾಡಿಯ ಕಡೆಯಿಂದ ಪಟಾಕಿಯ ಸದ್ದು ಕೇಳಿ, ನಮ್ಮ ಕಾಕಾ ಒಬ್ಬರು “ಅವರಿಗೆ ಇಷ್ಟೊತ್ತಿಗೆ ಸುದ್ದಿ ಮುಟ್ಟೈತೇನು?” ಎಂದು ಕೇಳಿದರು. ಪರದೆ ಮತ್ತೆ ಬೆಳಗಿದಾಗ ಮೆಸ್ಸಿಯ ಹೆಗಲ ಮೇಲೆ, ಕಪ್ ಕೊಡುವಾಗ ಕತಾರಿನವರು ಹೊದಿಸಿದ ಕಪ್ಪು ನಿಲುವಂಗಿ ಇತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲು ಬಯಲನ್ನು ಬಿಡಿ. ಜುಲೈ 19ರಂದು ನ್ಯೂಜೆರ್ಸಿಯಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಪಂದ್ಯ ನಮಗೆ ನಡುರಾತ್ರಿ ಹನ್ನೆರಡೂವರೆಗೆ ಬರುತ್ತದೆ, ಅದೂ ಬೆಳಗಾವಿಯ ಆಷಾಢದ ಮಳೆಗಾಳಿಯಲ್ಲಿ. ಆ ತಿಂಗಳು ಲಗ್ನಗಳಿರುವುದಿಲ್ಲವಾದ್ದರಿಂದ ಮಂಗಲ ಕಾರ್ಯಾಲಯಗಳು ಖಾಲಿ ಬಿದ್ದಿರುತ್ತವೆ, ಬಾಡಿಗೆಯಲ್ಲೂ ಚೌಕಾಸಿ ನಡೆಯುತ್ತದೆ. ಒಳಗೆ ಕತ್ತಲಿರುವುದರಿಂದ ಸಾಧಾರಣ ಪ್ರೊಜೆಕ್ಟರ್ ಸಾಕು. ಎಲ್‌ಇಡಿಗೆ ಸುರಿಯುವ ಹಣವನ್ನು ಚಹಾಕ್ಕೆ ಇಡಿ. ಈ ಸಲ ಪ್ರತಿ ಅರ್ಧದಲ್ಲೂ ಮೂರು ನಿಮಿಷ ನೀರಿನ ಬಿಡುವು, ನಡುವಿನ ವಿರಾಮದಲ್ಲಿ ಸಂಗೀತ ಕಾರ್ಯಕ್ರಮ ಎಂದು ಫಿಫಾ ಹೇಳಿರುವುದರಿಂದ ಪೆನಾಲ್ಟಿ ಬಂದರೆ ಮೂರೂವರೆ ದಾಟಬಹುದು. ಕಾರ್ಯಾಲಯವನ್ನು ಬೆಳಗಿನ ಐದರವರೆಗೆ ಹಿಡಿಯಿರಿ, ಅಲ್ಲಿ ಜನರೇಟರ್ ಇದ್ದರೆ ಅದರ ಟ್ಯಾಂಕಿನ ಮುಚ್ಚಳವನ್ನು ನೀವೇ ತೆಗೆದು ನೋಡಿ.