‘ಪಾರ್ಲನೊ’ ಮತ್ತು ನಿಮ್ಮ ಎರಡನೇ ಪುಟ

ನಮಸ್ಕಾರ. ಕನ್ನಡಿಗರಿಗಾಗಿ ಇಟಾಲಿಯನ್ ಕ್ರಿಯಾಪದಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಬರವಣಿಗೆ ತಿಳಿಯಾಗಿದೆ, ಶ್ರಮವೂ ಕಾಣುತ್ತದೆ. ಆದರೆ ಎರಡನೇ ಪುಟಕ್ಕೆ ಬಂದಾಗ ತಲೆ ಕೆಟ್ಟಿತು.

‘ದನಿಯ ಒತ್ತು ಯಾವಾಗಲೂ ಕೊನೆಯಿಂದ ಎರಡನೇ ಸಿಲಬಲ್ ಮೇಲೆ’, ಅಂದರೆ ಉಚ್ಚಾರದ ತುಂಡಿನ ಮೇಲೆ, ಎಂದಿದ್ದೀರಿ. ‘ಯಾವಾಗಲೂ’ ಹೊಡೆದುಹಾಕಿ. ‘ಹೆಚ್ಚಾಗಿ’ ಅಂದರೆ ಒಪ್ಪುತ್ತೇನೆ. ಮುಂದಿನ ಸಾಲಿನಲ್ಲಿ ಅದೇ ಸೂತ್ರ ಹಿಡಿದು, ‘ಅವರು ಮಾತಾಡುತ್ತಾರೆ’ ಅನ್ನೋದಕ್ಕೆ ‘ಪರ್ಲಾನೊ’ ಎಂದು ಬರೆದಿದ್ದೀರಿ. ಅದು ಪಾರ್-ಲ-ನೊ. ಒತ್ತು ‘ಪಾರ್’ ಮೇಲೆ. ಮೊದಲು ‘ನಾನು’ ರೂಪ ಹೇಳಿ ನೋಡಿ: ಪಾರ್-ಲೊ. ‘ಅವರು’ ಬಂದಾಗಲೂ ಒತ್ತು ಅಲ್ಲೇ ಕೂತಿರುತ್ತದೆ, ಬಾಲ ಮಾತ್ರ ಬೆಳೆಯುತ್ತದೆ. ‘ಫೋನ್ ಮಾಡುತ್ತೇನೆ’ ತೆ-ಲೇ-ಫೊ-ನೊ, ‘ಮಾಡುತ್ತಾರೆ’ ತೆ-ಲೇ-ಫೊ-ನ-ನೊ. ಕೊನೆಯಿಂದ ನಾಲ್ಕನೆಯದು, ಅಲ್ವಾ? ವರ್ತಮಾನದಲ್ಲಿ ಒತ್ತು ಮುಂದೆ ಸರಿಯುವುದು ‘ನಾವು’, ‘ನೀವು’ ರೂಪಗಳಲ್ಲಿ: ಪರ್-ಲಿಆ-ಮೊ, ಪರ್-ಲಾ-ತೆ.

ಬರಹ ನೋಡಿ ಇದು ಗೊತ್ತಾಗುವುದಿಲ್ಲ. ಒತ್ತು ಕಟ್ಟಕಡೆಯ ಸ್ವರದ ಮೇಲೆ ಬಿದ್ದಾಗಲೇ ಸಾಮಾನ್ಯವಾಗಿ ಆ ಸ್ವರದ ನೆತ್ತಿಗೆ ಒತ್ತು ತೋರಿಸುವ ಗೆರೆ ಹಾಕುತ್ತಾರೆ. ಹಾಗಾಗಿ ನಿಮ್ಮ ಓದುಗರಿಗೆ ನೀವೇ ಗತಿ.

ಇನ್ನು ಪದ ಒಡೆಯುವ ವಿಷಯ. ‘ಓದುತ್ತೇನೆ’ ಅನ್ನೋದನ್ನು ‘ಲೆ-ಗ್ಗೊ’ ಮಾಡಿದ್ದೀರಿ. ಅದು ನಮ್ಮ ಒತ್ತಕ್ಷರದ ಅಭ್ಯಾಸ. ಅವರಲ್ಲಿ ಜೋಡಿ ವ್ಯಂಜನ ನಡುವೆ ಸೀಳುತ್ತದೆ: ಲೆಗ್-ಗೊ. ಆಮೇಲೆ ಎಚ್ಚರ ಜಾಸ್ತಿಯಾಗಿ, ‘ಅವರು ಅರ್ಥ ಮಾಡಿಕೊಳ್ಳುತ್ತಾರೆ’ ಅನ್ನೋದಕ್ಕೆ ‘ಕ-ಪಿಸ್-ಕೊ-ನೊ’ ಬರೆದಿರಿ. ಅಲ್ಲಿ ‘ಸ್’ ಮುಂದಿನ ವ್ಯಂಜನವನ್ನು ಬಿಡುವುದಿಲ್ಲ: ಕ-ಪೀ-ಸ್ಕೊ-ನೊ. ಸುಮ್ನೆ ಕನ್ನಡದ ಹಾಗೆ ಒಡೆದಿದ್ದರೆ ಸರಿಹೋಗುತ್ತಿತ್ತು!

ನಾನು ಪ್ರೂಫ್ ನೋಡಲು ಸೇರಿದಾಗ ಸಾಲಿನ ತುದಿಯಲ್ಲಿ ಪದ ಮುರಿಯುವುದೇ ನಮಗೆ ಕೊಡುತ್ತಿದ್ದ ಮೊದಲ ಪಾಠ. ಹಿರಿಯರೊಬ್ಬರು ಪೆನ್ಸಿಲ್ ಕಿತ್ತುಕೊಂಡು, ‘ಮೊದಲು ಬಾಯಿಬಿಟ್ಟು ಓದಯ್ಯ’ ಅನ್ನುತ್ತಿದ್ದರು. ಇಡೀ ಗ್ಯಾಲಿ, ಅಂದರೆ ತಿದ್ದಲು ತೆಗೆದ ಅಚ್ಚಿನ ಪ್ರತಿ, ಗಟ್ಟಿಯಾಗಿ ಓದಬೇಕು, ಪಕ್ಕದ ಮೇಜಿನವರು ನಕ್ಕರೂ ಸರಿ. ಆಗ ಅವರ ಮೇಲೆ ಸಿಟ್ಟು ಬರುತ್ತಿತ್ತು. ಈಗ ನಿಮಗೂ ಅದನ್ನೇ ಹೇಳುತ್ತಿದ್ದೇನೆ.

ಉಳಿದ ಪುಟಗಳನ್ನು ಮುಟ್ಟಿಲ್ಲ. ಪಟ್ಟಿಯಲ್ಲಿ ಪ್ರತಿ ‘ಅವರು’ ರೂಪದ ಪಕ್ಕದಲ್ಲೂ ‘ನಾನು’ ರೂಪ ಬರೆದು, ಒತ್ತು ಬೀಳುವ ತುಂಡಿಗೆ ಅಡಿಗೆರೆ ಎಳೆದು ಮತ್ತೆ ಕಳಿಸಿ.